ಹದಿಹರೆಯದವರು ಮತ್ತು ಮೋಸದ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಆ್ಯಪ್‌ಗಳು, ಆಟಗಳು ಮತ್ತು ಜಾಲತಾಣಗಳು ಬಳಕೆದಾರರನ್ನು ತಮಗೆ ಬೇಕಾದ ಕಡೆಗೆ ತಳ್ಳುವ ಬಗೆಯ ಕುರಿತು ಪೋಷಕರು, ಶಿಕ್ಷಕರು ಮತ್ತು ಹದಿಹರೆಯದವರೇ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವಕ್ಕೆ ದೀರ್ಘ ಉತ್ತರ ಬೇಕಾಯಿತು, ಕೆಲವಕ್ಕೆ ನಾಲ್ಕು ಮಾತು ಸಾಕಾಯಿತು.

ಮೋಸದ ವಿನ್ಯಾಸ ಎಂದು ಯಾವುದನ್ನು ಕರೆಯುತ್ತಾರೆ?

ಬಳಕೆದಾರರು ನಿಜವಾಗಿ ಬಯಸದ ಕೆಲಸವನ್ನು ಅವರ ಕೈಯಿಂದಲೇ ಮಾಡಿಸುವಂತೆ ಪರದೆ, ಗುಂಡಿ, ಬಣ್ಣ, ಮಾತು ಮತ್ತು ಸಮಯವನ್ನು ಹೊಂದಿಸಿಟ್ಟರೆ ಅದು ಮೋಸದ ವಿನ್ಯಾಸ. ಬ್ರಿಟನ್ನಿನ ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂಥವುಗಳನ್ನು ಡಾರ್ಕ್ ಪ್ಯಾಟರ್ನ್ ಎಂದು ಕರೆದು, ಒಂದೊಂದಕ್ಕೂ ಹೆಸರಿಟ್ಟು ಪಟ್ಟಿ ಮಾಡಲು ತೊಡಗಿದರು. ‘ಒಪ್ಪುತ್ತೇನೆ’ ಎಂಬುದು ಢಾಳಾದ ಬಣ್ಣದ ದೊಡ್ಡ ಗುಂಡಿಯಾಗಿದ್ದು ‘ಬೇಡ’ ಎಂಬುದು ಬೂದುಬಣ್ಣದ ಸಣ್ಣ ಅಕ್ಷರಗಳಲ್ಲಿ ಅಡಗಿ ಕೂತಿರುವುದು, ಚಂದಾದಾರರಾಗಲು ಒಮ್ಮೆ ಒತ್ತಿದರೆ ಸಾಕಾಗಿ ಹೊರಬರಲು ಐದಾರು ಪುಟ ದಾಟಬೇಕಾಗಿರುವುದು, ‘ಬೇಡ, ನನಗೆ ಹಣ ಉಳಿಸುವುದು ಇಷ್ಟವಿಲ್ಲ’ ಎಂದು ನಿರಾಕರಿಸುವವರ ಬಾಯಿಂದಲೇ ಅವಮಾನದ ಮಾತು ಹೇಳಿಸುವುದು, ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಸುಮಾರು 11,000 ಖರೀದಿ ಜಾಲತಾಣಗಳನ್ನು ತಂತ್ರಾಂಶದ ಮೂಲಕ ಜಾಲಾಡಿದಾಗ ಇಂತಹ 1,818 ನಿದರ್ಶನಗಳು ಸಿಕ್ಕವು.

ಇವು ಹಣ ಮತ್ತು ಒಪ್ಪಿಗೆಯನ್ನು ಕಸಿಯುವ ತಂತ್ರಗಳು. ಹದಿಹರೆಯದವರ ದಿನಚರಿಯನ್ನು ಇವುಗಳಿಗಿಂತ ಹೆಚ್ಚಾಗಿ ಆವರಿಸಿರುವುದು ಸಮಯವನ್ನೂ ಸಂಬಂಧಗಳನ್ನೂ ಹಿಡಿದುಕೊಳ್ಳುವ ತಂತ್ರಗಳು. ಆದ್ದರಿಂದ ಮುಂದಿನ ಉತ್ತರಗಳು ಅವುಗಳ ಕಡೆಗೇ ಹೆಚ್ಚು ವಾಲಿವೆ.

ಮನಸೆಳೆಯುವಂತೆ ರೂಪಿಸಿದ್ದೆಲ್ಲವೂ ಮೋಸವೇ?

ಅಲ್ಲ. ಒಳ್ಳೆಯ ಆಟವೂ ಹಿಡಿದು ಕೂರಿಸುತ್ತದೆ. ನೋಡಬೇಕಾದದ್ದು ಎರಡು ವಿಷಯ: ಒಳಗೆ ಬಂದಷ್ಟೇ ಸುಲಭವಾಗಿ ಹೊರಗೆ ಹೋಗಬಹುದೇ, ಮತ್ತು ತಂತ್ರದ ಉದ್ದೇಶವನ್ನು ಬಳಕೆದಾರರಿಗೆ ಮೊದಲೇ ಬಿಡಿಸಿ ಹೇಳಿದರೂ ಅದು ಕೆಲಸ ಮಾಡುತ್ತಿತ್ತೇ.

ಹದಿಹರೆಯದವರಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಅಲ್ಲವೇ?

ಹಿರಿಯರು ಸಾಮಾನ್ಯವಾಗಿ ಹೀಗೆ ಭಾವಿಸುತ್ತಾರೆ, ಆದರೆ ಈ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ. ‘ಇನ್ನು ಹತ್ತು ನಿಮಿಷ ಮಾತ್ರ’ ಎಂದು ಇಳಿಯುವ ಗಡಿಯಾರ ಪುಟವನ್ನು ಮತ್ತೆ ತೆರೆದರೆ ಪುನಃ ಹತ್ತರಿಂದಲೇ ಶುರುವಾಗುತ್ತದೆ ಎಂಬುದನ್ನು ಹದಿನಾಲ್ಕರ ಹುಡುಗಿ ತಾಯಿಗಿಂತ ಮೊದಲೇ ಪತ್ತೆಹಚ್ಚಿರುತ್ತಾಳೆ. ಆ್ಯಪ್‌ನ ಮೂಲೆಯ ಕೆಂಪು ಚುಕ್ಕೆಯ ಹಿಂದೆ ಹಲವು ಬಾರಿ ಏನೂ ಇರುವುದಿಲ್ಲ ಎಂಬುದೂ ಗೊತ್ತಿರುತ್ತದೆ. ಅವರು ಇದನ್ನು ಮೋಸ ಎಂದು ಕರೆಯುವುದು ಕಡಿಮೆ. ‘ಕಿರಿಕಿರಿ’ ಎನ್ನುತ್ತಾರೆ, ‘ಎಲ್ಲ ಆ್ಯಪ್‌ಗಳೂ ಹೀಗೇ’ ಎನ್ನುತ್ತಾರೆ. ಫೋನ್ ಎಂಬ ವಸ್ತುವನ್ನು ಅವರು ಕಂಡದ್ದೇ ಈ ತಂತ್ರಗಳ ಸಮೇತ, ಹಾಗಾಗಿ ಇವಿಲ್ಲದ ಫೋನ್ ಹೇಗಿರುತ್ತದೆ ಎಂದು ಹೋಲಿಸಿ ನೋಡಲು ಅವರ ಬಳಿ ಹಳೆಯ ನೆನಪಿಲ್ಲ.

ತಂತ್ರ ಕಂಡ ಮೇಲೂ ಅದರಿಂದ ಬಿಡಿಸಿಕೊಳ್ಳಲಾಗದಿದ್ದಾಗ ತಪ್ಪನ್ನು ಅವರು ತಮ್ಮ ಮೇಲೆಯೇ ಹೊತ್ತುಕೊಳ್ಳುತ್ತಾರೆ. ‘ನನಗೆ ಹಿಡಿತವಿಲ್ಲ’, ‘ನಾನು ಸೋಮಾರಿ’ ಎಂಬ ಮಾತುಗಳು ಬರುವುದು ಇಲ್ಲಿಂದ. ಪರೀಕ್ಷೆಯ ಹೊತ್ತಿಗೆ ಆ್ಯಪ್ ಅಳಿಸಿ, ಮುಗಿದ ಸಂಜೆಯೇ ಮತ್ತೆ ಹಾಕಿಕೊಂಡು, ಅದಕ್ಕಾಗಿ ನಾಚಿಕೊಳ್ಳುವ ಈ ಸುತ್ತು ಅವರಲ್ಲಿ ಬಹಳ ಸಾಮಾನ್ಯ. ಮೋಸದ ವಿನ್ಯಾಸದಿಂದ ಆಗುವ ಹಾನಿಗಳಲ್ಲಿ ಈ ಸ್ವನಿಂದನೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲು ಹಿಡಿಯಬೇಕಾದದ್ದು ಅದನ್ನೇ.

ಗೊತ್ತಿದ್ದೂ ಏಕೆ ಸಿಲುಕುತ್ತಾರೆ?

ಗೊತ್ತಿರುವುದು ತಡೆಯಾಗುತ್ತದೆ ಎಂಬುದು ವಯಸ್ಕರ ವಿಷಯದಲ್ಲೂ ಪೂರ್ತಿ ನಿಜವಲ್ಲ. ಅಮೆರಿಕದ ವಯಸ್ಕರ ಮೇಲೆ ಜೇಮೀ ಲುಗುರಿ ಮತ್ತು ಲಿಯೋರ್ ಸ್ಟ್ರಾಹಿಲೆವಿಟ್ಜ್ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೃದುವಾದ ತಂತ್ರಗಳನ್ನು ಎದುರಿಸಿದವರು ಅನುಮಾನಾಸ್ಪದ ಸೇವೆಯೊಂದಕ್ಕೆ ಹೆಸರು ನೋಂದಾಯಿಸಿದ ಪ್ರಮಾಣ ಯಾವ ತಂತ್ರವೂ ಇಲ್ಲದಿದ್ದಾಗಿನ ಎರಡು ಪಟ್ಟಿಗಿಂತ ಹೆಚ್ಚಿತ್ತು. ಒರಟು ತಂತ್ರಗಳಲ್ಲಿ ಅದು ಸುಮಾರು ನಾಲ್ಕು ಪಟ್ಟಾಯಿತು. ಒರಟು ತಂತ್ರಗಳು ಜನರನ್ನು ಸಿಟ್ಟಿಗೆಬ್ಬಿಸಿದವು, ಮೃದುವಾದವು ಸದ್ದಿಲ್ಲದೆ ಕೆಲಸ ಮುಗಿಸಿದವು.

ಹದಿಹರೆಯದಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಮೆದುಳಿನಲ್ಲಿ ಮೆಚ್ಚುಗೆಗೂ ಬಹುಮಾನಕ್ಕೂ ಸ್ಪಂದಿಸುವ ಭಾಗಗಳು ಈ ವಯಸ್ಸಿನಲ್ಲಿ ಬಹಳ ಚುರುಕಾಗಿರುತ್ತವೆ, ಆದರೆ ತಡೆದು ಯೋಚಿಸಲು ನೆರವಾಗುವ ಮುಂಭಾಗದ ಬೆಳವಣಿಗೆ ಇಪ್ಪತ್ತರ ನಂತರವೂ ಕೆಲವು ವರ್ಷ ನಡೆಯುತ್ತಲೇ ಇರುತ್ತದೆ. ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೀನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಪ್ಯೂಟರಿನ ಕಾರು ಆಟವೊಂದನ್ನು ಒಬ್ಬೊಬ್ಬರಾಗಿಯೂ ಗೆಳೆಯರ ಎದುರಿಗೂ ಆಡಿಸಲಾಯಿತು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಗಮನಾರ್ಹವಾಗಿ ಹೆಚ್ಚಿತು, ವಯಸ್ಕರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 2016ರ ಅಧ್ಯಯನವೊಂದರಲ್ಲಿ ಸಂಶೋಧಕರು ಚಿತ್ರಗಳಿಗೆ ತಾವೇ ಲೈಕ್‌ಗಳ ಸಂಖ್ಯೆಯನ್ನು ಹಂಚಿದ್ದರು. ಒಂದೇ ಚಿತ್ರಕ್ಕೆ ಹೆಚ್ಚು ಲೈಕ್ ತೋರಿಸಿದಾಗ ಹದಿಹರೆಯದವರು ಅದನ್ನು ಮೆಚ್ಚುವ ಸಾಧ್ಯತೆಯೂ ಹೆಚ್ಚಿತು.

ಇದರಿಂದ ಅವರಿಗೆ ವಿವೇಚನೆಯಿಲ್ಲ ಎಂದು ತೀರ್ಮಾನಿಸಬಾರದು. ಸಾವಕಾಶವಾಗಿ, ಯಾರೂ ನೋಡದಿರುವಾಗ ಯೋಚಿಸಲು ಬಿಟ್ಟರೆ ಹದಿನಾರರ ಆಸುಪಾಸಿನವರು ಹೆಚ್ಚುಕಡಿಮೆ ವಯಸ್ಕರಷ್ಟೇ ಚೆನ್ನಾಗಿ ತೂಗಿ ನೋಡಬಲ್ಲರು ಎಂದು ಸ್ಟೀನ್‌ಬರ್ಗ್ ಅವರ ಸಂಶೋಧನೆಗಳೇ ಹೇಳುತ್ತವೆ. ಬಿಡುವು ಮತ್ತು ಏಕಾಂತ ಇದ್ದರೆ ಸಾಕು. ತಾನಾಗಿ ಶುರುವಾಗುವ ಮುಂದಿನ ವಿಡಿಯೊ ಬಿಡುವನ್ನು ಕಸಿಯುತ್ತದೆ, ಲೈಕ್‌ನ ಎಣಿಕೆ ಏಕಾಂತವನ್ನು ಕಸಿಯುತ್ತದೆ.

ಸ್ಟ್ರೀಕ್ ಮುರಿಯಿತು ಎಂದು ಮಗು ಅಳುವುದು ಅತಿರೇಕವಲ್ಲವೇ?

ಚಿತ್ರ-ಸಂದೇಶಗಳ ಆ್ಯಪ್ ಸ್ನ್ಯಾಪ್‌ಚಾಟ್‌ನ ಸ್ಟ್ರೀಕ್ ಕೆಲಸ ಮಾಡುವ ರೀತಿಯನ್ನು ಹತ್ತಿರದಿಂದ ನೋಡಿದರೆ ಹಾಗನ್ನಿಸುವುದಿಲ್ಲ. ಇಬ್ಬರು ಗೆಳೆಯರು ದಿನಕ್ಕೊಮ್ಮೆಯಾದರೂ ಪರಸ್ಪರ ಚಿತ್ರ ಕಳಿಸಿಕೊಂಡರೆ ಅವರ ಹೆಸರಿನ ಪಕ್ಕ ಬೆಂಕಿಯ ಗುರುತೂ ದಿನಗಳ ಎಣಿಕೆಯೂ ಕಾಣಿಸಿಕೊಳ್ಳುತ್ತವೆ. ಗಡುವು ಸಮೀಪಿಸಿದಾಗ ಮರಳುಗಡಿಯಾರದ ಗುರುತು ಮೂಡುತ್ತದೆ. ಇಬ್ಬರಲ್ಲಿ ಒಬ್ಬರು ತಪ್ಪಿಸಿದರೂ ಎಣಿಕೆ ಇಬ್ಬರಿಗೂ ಸೊನ್ನೆಯಾಗುತ್ತದೆ. ಕಳಿಸುವ ಚಿತ್ರದಲ್ಲಿ ಏನಿದೆ ಎಂಬುದು ಮುಖ್ಯವೇ ಅಲ್ಲ. ಕತ್ತಲೆಯ ಗೋಡೆಯ ಚಿತ್ರವನ್ನೋ ಅರ್ಧ ಹಣೆಯ ಚಿತ್ರವನ್ನೋ ಮಲಗುವ ಮುನ್ನ ಸಾಲಾಗಿ ಹತ್ತು ಮಂದಿಗೆ ಕಳಿಸಿ ಮುಗಿಸುವುದು ರೂಢಿ. ಪ್ರವಾಸಕ್ಕೆ ಹೊರಟವರು ಸ್ಟ್ರೀಕ್ ಉಳಿಸಿಕೊಡು ಎಂದು ತಮ್ಮ ಪಾಸ್‌ವರ್ಡನ್ನೇ ಗೆಳೆಯರ ಕೈಗೆ ಕೊಟ್ಟು ಹೋಗುವುದೂ ಉಂಟು. ಪಾಸ್‌ವರ್ಡ್ ಯಾರಿಗೂ ಕೊಡಬೇಡ ಎಂಬ ಶಾಲೆಯ ಪಾಠ ಇಲ್ಲಿ ಸೋಲುತ್ತದೆ.

ಒಬ್ಬಳು ಬೇಸತ್ತು ನಿಲ್ಲಿಸಿದರೆ ಗೆಳತಿಗೆ ಅದು ತನ್ನನ್ನು ಕಡೆಗಣಿಸಿದಂತೆ ಕಾಣುತ್ತದೆ. ಇನ್ನೂರು ದಿನಗಳ ಎಣಿಕೆಯನ್ನು ಕಳೆದುಕೊಂಡ ಮಗು ಅಳುವುದು ಸಂಖ್ಯೆಗಾಗಿ ಎಂದು ಹಿರಿಯರಿಗೆ ಅನ್ನಿಸಬಹುದು. ಮಗುವಿಗೆ ಆ ಸಂಖ್ಯೆ ಇಬ್ಬರೂ ಸೇರಿ ಕಾಪಾಡಿದ ಒಂದು ವಸ್ತು, ಮತ್ತು ಅದನ್ನು ಬೀಳಿಸಿದ್ದು ತಾನು. ಕಂಪನಿ ಇಲ್ಲಿ ಯಾರನ್ನೂ ನೇರವಾಗಿ ಒತ್ತಾಯಿಸಲಿಲ್ಲ. ಒತ್ತಾಯಿಸುವ ಕೆಲಸವನ್ನು ಗೆಳೆಯರೇ ಒಬ್ಬರಿಗೊಬ್ಬರು ಮಾಡಿಕೊಳ್ಳುವಂತೆ ಏರ್ಪಾಡು ಮಾಡಿತು. 2023ರಿಂದ ಮುರಿದ ಸ್ಟ್ರೀಕನ್ನು ಮರಳಿ ಪಡೆಯುವ ಸೌಲಭ್ಯವೂ ಬಂದಿದ್ದು, ಮೊದಲ ಬಾರಿಯ ಉಚಿತ ಮುಗಿದ ಮೇಲೆ ಅದಕ್ಕೆ ಹಣ ತೆರಬೇಕು.

‘ನೋಡಿದ್ದಾರೆ’ ಎಂಬ ಗುರುತು, ಕೊನೆಯ ಬಾರಿ ಆನ್‌ಲೈನ್ ಇದ್ದ ಹೊತ್ತು, ಎದುರಿನವರು ಟೈಪ್ ಮಾಡುತ್ತಿರುವುದನ್ನು ತೋರಿಸುವ ಚುಕ್ಕೆಗಳು, ಇವೂ ಇದೇ ಬಗೆಯವು. ಉತ್ತರಿಸಲು ತಡಮಾಡುವ ಸ್ವಾತಂತ್ರ್ಯವನ್ನು ಇವು ತೆಗೆದುಹಾಕುತ್ತವೆ.

ಸ್ಕ್ರೋಲ್ ಮಾಡುತ್ತಾ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ ಎನ್ನುತ್ತಾರೆ. ಇದು ನಿಜವೇ?

ನಿಜ. ಹಿಂದೆ ಪುಟದ ತುದಿಗೆ ಬಂದಾಗ ‘ಮುಂದಿನ ಪುಟ’ ಎಂಬುದನ್ನು ಒತ್ತಬೇಕಿತ್ತು, ಮತ್ತು ಆ ಒಂದು ಕ್ಷಣದಲ್ಲಿ ಸಾಕೋ ಬೇಕೋ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು. ವಿನ್ಯಾಸಕಾರ ಏಜಾ ರಾಸ್ಕಿನ್ 2006ರಲ್ಲಿ ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್ ಆ ಕ್ಷಣವನ್ನು ಇಲ್ಲವಾಗಿಸಿತು. ಅದರ ಬಳಕೆಯ ಬಗ್ಗೆ ಅವರೇ ಮುಂದೆ ಬಹಿರಂಗವಾಗಿ ವಿಷಾದಿಸಿದ್ದಾರೆ. ಇದಕ್ಕೆ ಅನಿಶ್ಚಿತ ಬಹುಮಾನವೂ ಜೊತೆಯಾಯಿತು. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದ ಬಹುಮಾನಕ್ಕಾಗಿ ಪ್ರಾಣಿಗಳು ಬಿಡದೆ ಗುಂಡಿ ಒತ್ತುತ್ತಲೇ ಇರುತ್ತವೆ ಎಂದು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದ ಮಧ್ಯಭಾಗದಲ್ಲೇ ತೋರಿಸಿದ್ದರು. ಇಪ್ಪತ್ತು ನೀರಸ ವಿಡಿಯೊಗಳ ನಡುವೆ ಒಂದು ಚೆನ್ನಾಗಿರುವುದು ಯಾವಾಗ ಬರುತ್ತದೋ ಹೇಳಲಾಗದಿದ್ದರೆ, ಬೆರಳು ಅದನ್ನು ಹುಡುಕುತ್ತಲೇ ಇರುತ್ತದೆ.

ಇದನ್ನು ‘ಮಜಾ’ ಎಂದು ವಯಸ್ಕರು ತಿಳಿದಿರುವುದು ತಪ್ಪು. ಒಂದು ಗಂಟೆ ನೋಡಿದ ಮೇಲೆ ಏನು ನೋಡಿದೆ ಎಂದು ಕೇಳಿದರೆ ಒಂದೆರಡಕ್ಕಿಂತ ಹೆಚ್ಚು ನೆನಪಾಗುವುದಿಲ್ಲ, ಮತ್ತು ಆ ಮರೆವು ಹದಿಹರೆಯದವರಿಗೇ ಇರುಸುಮುರುಸು ತರುತ್ತದೆ.

ಆಟಗಳಲ್ಲಿ ಹಣ ಹೇಗೆ ಹೋಗುತ್ತದೆ?

ಮೊದಲನೆಯ ದಾರಿ ಆಟದೊಳಗಿನ ನಾಣ್ಯ. ನಿಜವಾದ ಹಣವನ್ನು ರತ್ನವಾಗಿಯೋ ನಾಣ್ಯವಾಗಿಯೋ ಬದಲಿಸಿದ ಮೇಲೆ ವಸ್ತುವಿನ ನಿಜಬೆಲೆ ಕಣ್ಣಿಗೆ ಬೀಳುವುದಿಲ್ಲ. ನಾಣ್ಯಗಳನ್ನು ಮಾರುವ ಕಟ್ಟುಗಳೂ ವಸ್ತುಗಳ ಬೆಲೆಗಳೂ ಎಂದೂ ತಾಳೆಯಾಗದಂತೆ ಇಟ್ಟಿರುವುದರಿಂದ ಪ್ರತಿ ಬಾರಿಯೂ ಒಂದಿಷ್ಟು ಉಳಿಯುತ್ತದೆ, ಉಳಿದದ್ದನ್ನು ಖರ್ಚು ಮಾಡಲು ಇನ್ನಷ್ಟು ಕೊಳ್ಳಬೇಕಾಗುತ್ತದೆ. ಎರಡನೆಯದು ಒಳಗೇನಿದೆ ಎಂದು ತಿಳಿಯದೆ ಕೊಳ್ಳುವ ಲೂಟ್ ಬಾಕ್ಸ್. ಹಣ ತೆತ್ತು ತೆರೆಯುವ ಇಂತಹ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿ ತನ್ನ ಜೂಜಿನ ಕಾನೂನಿಗೆ ವಿರುದ್ಧವೆಂದು ಘೋಷಿಸಿತು.

ಮೂರನೆಯದು ಗುಂಡಿಯ ಜಾಗ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿಯ ಮೇಲೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ ಆರೋಪ ಇದನ್ನು ಸ್ಪಷ್ಟಪಡಿಸುತ್ತದೆ: ನಿದ್ರಾಸ್ಥಿತಿಯಲ್ಲಿದ್ದ ಆಟವನ್ನು ಎಬ್ಬಿಸಲು, ಅಥವಾ ವಸ್ತುವನ್ನು ಸುಮ್ಮನೆ ನೋಡಲು ಒತ್ತಿದ ಗುಂಡಿಯಿಂದಲೇ ಖರೀದಿ ಆಗಿಬಿಡುತ್ತಿತ್ತು, ಮತ್ತು ಹಣ ಕಡಿತವನ್ನು ಬ್ಯಾಂಕಿನಲ್ಲಿ ಪ್ರಶ್ನಿಸಿದವರ ಆಟದ ಖಾತೆಗಳಿಗೆ ಬೀಗ ಬೀಳುತ್ತಿತ್ತು. 2022ರ ಡಿಸೆಂಬರಿನಲ್ಲಿ ಕಂಪನಿ ಒಟ್ಟು 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 24.5 ಕೋಟಿ ಬಳಕೆದಾರರಿಗೆ ಮರುಪಾವತಿಗಾಗಿ, ಉಳಿದ 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನನ್ನು ಉಲ್ಲಂಘಿಸಿದ್ದಕ್ಕೆ ದಂಡ. ಮನೆಗಳಲ್ಲಿ ಆವರೆಗೆ ಇಂತಹ ಎಷ್ಟು ಖರೀದಿಗಳು ‘ನೀನೇ ಒತ್ತಿರಬೇಕು’ ಎಂಬ ಬೈಗುಳದಲ್ಲಿ ಮುಗಿದಿದ್ದವೋ.

ಖಾಸಗಿತನದ ಬಗ್ಗೆ ಹದಿಹರೆಯದವರಿಗೆ ಕಾಳಜಿಯೇ ಇಲ್ಲವೇ?

ಇದೆ, ಆದರೆ ಬೇರೆ ದಿಕ್ಕಿನಲ್ಲಿ. ದೂರದ ಕಂಪನಿಯೊಂದು ತಮ್ಮ ಮಾಹಿತಿ ಕೂಡಿಡುವುದಕ್ಕಿಂತ ಅಪ್ಪ, ಶಿಕ್ಷಕರು, ಹಳೆಯ ಗೆಳತಿ ನೋಡುವುದು ಅವರಿಗೆ ದೊಡ್ಡ ಚಿಂತೆ. ಅದಕ್ಕೇ ಒಬ್ಬರೇ ಎರಡು ಮೂರು ಖಾತೆಗಳನ್ನು ಇಟ್ಟುಕೊಳ್ಳುತ್ತಾರೆ. ಆದರೆ ಡಿಫಾಲ್ಟ್ ಆಗಿ ‘ಎಲ್ಲರಿಗೂ ಕಾಣುವಂತೆ’ ಎಂದಿರುವ ಸೆಟ್ಟಿಂಗನ್ನು ಬದಲಿಸದೆ ಬಿಡುವುದರಲ್ಲಿ ಅವರೂ ವಯಸ್ಕರಂತೆಯೇ. ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 2023ರ ಸೆಪ್ಟೆಂಬರಿನಲ್ಲಿ ಟಿಕ್‌ಟಾಕ್‌ಗೆ 34.5 ಕೋಟಿ ಯೂರೊ ದಂಡ ವಿಧಿಸಿದ್ದಕ್ಕೆ ಕಾರಣಗಳಲ್ಲಿ ಮಕ್ಕಳ ಖಾತೆಗಳನ್ನು ಮೊದಲಿನಿಂದಲೇ ಸಾರ್ವಜನಿಕವಾಗಿ ಇಟ್ಟಿದ್ದೂ, ನೋಂದಣಿಯ ಹೊತ್ತಿನಲ್ಲಿ ಅವರನ್ನು ಕಡಿಮೆ ಖಾಸಗಿಯಾದ ಆಯ್ಕೆಯ ಕಡೆಗೆ ತಳ್ಳಿದ್ದೂ ಸೇರಿವೆ.

ಮಾತನಾಡುವ ಚಾಟ್‌ಬಾಟ್‌ಗಳೂ ಇದರಲ್ಲಿ ಸೇರುತ್ತವೆಯೇ?

ಗೆಳೆಯನಂತೆ ನಟಿಸಿ, ವಿದಾಯ ಹೇಳುವಾಗ ‘ಇಷ್ಟು ಬೇಗ ಹೋಗುತ್ತೀಯಾ’ ಎಂದು ಹಿಡಿದು ನಿಲ್ಲಿಸುವಂಥವು ಖಂಡಿತ ಸೇರುತ್ತವೆ. ಸ್ಟ್ರೀಕ್ ಗೆಳೆಯರ ನಡುವೆ ಬಂದು ಕೂರುತ್ತದೆ, ಇದು ಗೆಳೆಯನ ಜಾಗವನ್ನೇ ಹಿಡಿಯುತ್ತದೆ.

ಕಾನೂನುಗಳು ಇಲ್ಲವೇ?

ಇವೆ, ಮತ್ತು ಹೆಚ್ಚುತ್ತಿವೆ. ಮಕ್ಕಳು ಬಳಸಬಹುದಾದ ಸೇವೆಗಳಿಗೆ ಬ್ರಿಟನ್ನಿನ ಸಂಹಿತೆ 15 ಮಾನದಂಡಗಳನ್ನು ವಿಧಿಸುತ್ತದೆ. ಕಂಪನಿಗಳು 2021ರ ಸೆಪ್ಟೆಂಬರಿನೊಳಗೆ ಅದಕ್ಕೆ ಹೊಂದಿಕೊಳ್ಳಬೇಕಿತ್ತು. ಮಕ್ಕಳು ತಮ್ಮ ಖಾಸಗಿತನವನ್ನು ಬಿಟ್ಟುಕೊಡುವಂತೆ ಮೆಲ್ಲಗೆ ತಳ್ಳುವ ತಂತ್ರಗಳನ್ನು ಬಳಸಬಾರದು ಎಂಬುದು ಆ ಮಾನದಂಡಗಳಲ್ಲಿ ಒಂದು. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ ವಂಚಿಸುವ ವಿನ್ಯಾಸವನ್ನೂ, ಅಪ್ರಾಪ್ತ ವಯಸ್ಕರ ವೈಯಕ್ತಿಕ ಮಾಹಿತಿ ಆಧರಿಸಿ ಅವರಿಗೆ ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ಅದು 2024ರ ಫೆಬ್ರವರಿಯಿಂದ ಪೂರ್ಣವಾಗಿ ಜಾರಿಯಲ್ಲಿದೆ. ಭಾರತ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಹೆಸರಿಸಿದೆ.

ಆ 13ರ ಪಟ್ಟಿಯಲ್ಲಿ ಸುಳ್ಳು ತುರ್ತು, ಚಂದಾ ಬಲೆ, ಬುಟ್ಟಿಗೆ ಗುಟ್ಟಾಗಿ ಸೇರಿಸುವ ವಸ್ತು ಎಲ್ಲ ಇವೆ, ಆದರೆ ಕೊನೆಯಿಲ್ಲದ ಸ್ಕ್ರೋಲ್ ಇಲ್ಲ, ಸ್ಟ್ರೀಕ್ ಇಲ್ಲ. ಬಹುತೇಕ ಕಾನೂನುಗಳು ಗ್ರಾಹಕನ ಕಿಸೆಯನ್ನು ಕಾಯಲು ಹುಟ್ಟಿದವು. ಹದಿಹರೆಯದವರು ಕಳೆದುಕೊಳ್ಳುವ ಹೊತ್ತನ್ನೂ ನಿದ್ದೆಯನ್ನೂ ಅವು ತಡವಾಗಿ ಗಮನಿಸುತ್ತಿವೆ. ನ್ಯೂಯಾರ್ಕ್ ರಾಜ್ಯ 2024ರಲ್ಲಿ ಅಂಗೀಕರಿಸಿದ ಕಾಯ್ದೆಯಂಥವು ಈ ದಿಕ್ಕಿನ ಆರಂಭ. ಪೋಷಕರ ಒಪ್ಪಿಗೆಯಿಲ್ಲದೆ 18ರೊಳಗಿನವರಿಗೆ ಚಟ ಹಿಡಿಸುವ ಫೀಡ್ (ಬಳಕೆದಾರರ ಮಾಹಿತಿ ನೋಡಿ ಆ್ಯಪ್ ತಾನೇ ಆರಿಸಿ ತೋರಿಸುವ ಸಾಲು) ಒದಗಿಸಬಾರದು, ಆ ಫೀಡ್‌ಗಳ ಬಗ್ಗೆ ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ನೋಟಿಫಿಕೇಶನ್ ಕಳಿಸಬಾರದು ಎಂದು ಅದು ಹೇಳುತ್ತದೆ.

ಕಂಪನಿಗಳೇ ಮಿತಿಗಳನ್ನು ತಂದಿವೆಯಲ್ಲ, ಅಷ್ಟು ಸಾಲದೇ?

ಒಂದೊಂದನ್ನೂ ಬಿಡಿಯಾಗಿ ನೋಡಬೇಕು. ಯೂಟ್ಯೂಬ್ 2021ರಲ್ಲಿ 13ರಿಂದ 17 ವರ್ಷದವರಿಗೆ ಆಟೊಪ್ಲೇಯನ್ನು, ಅಂದರೆ ಮುಂದಿನ ವಿಡಿಯೊ ತಾನಾಗಿ ಶುರುವಾಗುವುದನ್ನು, ಡಿಫಾಲ್ಟ್ ಆಗಿ ನಿಲ್ಲಿಸಿದ್ದು ನಿಜವಾದ ಬದಲಾವಣೆ, ಏಕೆಂದರೆ ಅಲ್ಲಿ ಏನನ್ನೂ ಮಾಡದೆ ಸುಮ್ಮನಿರುವವರಿಗೂ ರಕ್ಷಣೆ ಸಿಗುತ್ತದೆ. ಟಿಕ್‌ಟಾಕ್ 2023ರಲ್ಲಿ 18ರೊಳಗಿನವರಿಗೆ ತಂದ 60 ನಿಮಿಷಗಳ ಮಿತಿ ಬೇರೆ ಜಾತಿಯದು: ಹೊತ್ತು ಮುಗಿದಾಗ 13 ದಾಟಿದವರು ಪಾಸ್‌ಕೋಡನ್ನು ತಾವೇ ಒತ್ತಿ ಮುಂದುವರಿಯಬಹುದು. ಇಂತಹ ಮಿತಿ ನಿಯಂತ್ರಣದ ಹೊಣೆಯನ್ನು ಪುನಃ ಮಗುವಿಗೇ ಹಿಂತಿರುಗಿಸುತ್ತದೆ, ಮತ್ತು ದಾಟಿದಾಗಲೆಲ್ಲ ಮೇಲೆ ಹೇಳಿದ ಸ್ವನಿಂದನೆಗೆ ಇನ್ನೊಂದು ಕಾರಣ ಸಿಗುತ್ತದೆ. ಇಷ್ಟಾಗಿಯೂ ಈ ಎಲ್ಲ ಏರ್ಪಾಡುಗಳು ನೋಂದಣಿಯಲ್ಲಿ ಸರಿಯಾದ ವಯಸ್ಸು ನಮೂದಿಸಿದವರಿಗೆ ಮಾತ್ರ.

ಮಕ್ಕಳೊಂದಿಗೆ ಈ ವಿಷಯವನ್ನು ಹೇಗೆ ಮಾತನಾಡಬೇಕು?

‘ಫೋನ್ ಕೆಟ್ಟದ್ದು’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕ್ರಿಸ್ಟೋಫರ್ ಬ್ರಯಾನ್, ಡೇವಿಡ್ ಯೇಗರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ದಾರಿ ತೋರುತ್ತದೆ, ಅದರ ವಿಷಯ ಆಹಾರವಾಗಿದ್ದರೂ. ಅಮೆರಿಕದ ಎಂಟನೆಯ ತರಗತಿಯ ಕೆಲವರಿಗೆ ಆರೋಗ್ಯದ ಎಂದಿನ ಪಾಠವನ್ನೂ, ಇನ್ನು ಕೆಲವರಿಗೆ ಆಹಾರ ಕಂಪನಿಗಳು ಹದಿಹರೆಯದವರನ್ನೂ ಎಳೆಯರನ್ನೂ ಹೇಗೆ ಬಲೆಗೆ ಹಾಕಿಕೊಳ್ಳುತ್ತವೆ ಎಂಬ ವಿವರವನ್ನೂ ಓದಲು ಕೊಟ್ಟರು. ಮರುದಿನ, ಇದರ ಸುಳಿವೇ ಇಲ್ಲದ ಸಂದರ್ಭದಲ್ಲಿ ತಿನಿಸು ಆರಿಸಿಕೊಳ್ಳಲು ಹೇಳಿದಾಗ, ಎರಡನೆಯ ಗುಂಪಿನವರು ಕುರುಕಲನ್ನು ಕಡಿಮೆ ಆರಿಸಿದರು. ತಮ್ಮನ್ನು ಯಾರೋ ಆಡಿಸುತ್ತಿದ್ದಾರೆ ಎಂಬುದನ್ನು ಈ ವಯಸ್ಸು ಸಹಿಸುವುದಿಲ್ಲ.

ಆದ್ದರಿಂದ ಮಗುವಿನ ಪಕ್ಕ ಕುಳಿತು, ಅದಕ್ಕೆ ಬೇಡವಾದ ಒಂದು ಚಂದಾವನ್ನು ರದ್ದು ಮಾಡಲು ಎಷ್ಟು ಪುಟ ದಾಟಬೇಕು, ಪ್ರತಿ ಪುಟದಲ್ಲಿ ಯಾವ ಗುಂಡಿಗೆ ಯಾವ ಬಣ್ಣ ಎಂದು ಒಟ್ಟಿಗೆ ನೋಡುವುದು ಒಂದು ಗಂಟೆಯ ಉಪದೇಶಕ್ಕಿಂತ ಮೇಲು. ನಿಮ್ಮ ಫೋನಿನಿಂದಲೇ ಆರಂಭಿಸಿದರೆ ಇನ್ನೂ ಒಳ್ಳೆಯದು.

ಫೋನನ್ನು ಕಿತ್ತುಕೊಂಡರೆ ಆಗದೇ?

ತರಗತಿಯ ಗುಂಪು, ಗೆಳೆಯರ ಮಾತು, ಆಟದ ವೇಳಾಪಟ್ಟಿ ಎಲ್ಲವೂ ಅದರಲ್ಲಿರುವಾಗ ಒಬ್ಬರ ಫೋನ್ ಮಾತ್ರ ಕಿತ್ತುಕೊಂಡರೆ ಅವರೊಬ್ಬರೇ ಹೊರಗುಳಿಯುತ್ತಾರೆ. ಮಗುವಿನ ಆಪ್ತ ಗೆಳೆಯರ ನಾಲ್ಕಾರು ಮನೆಗಳು ಮಾತಾಡಿಕೊಂಡು, ರಾತ್ರಿ ಇಂತಿಷ್ಟು ಗಂಟೆಯ ನಂತರ ಯಾರ ಫೋನೂ ಕೋಣೆಯಲ್ಲಿರುವುದಿಲ್ಲ ಎಂದು ಒಪ್ಪಿಕೊಳ್ಳುವುದು ಹೆಚ್ಚು ನಡೆಯುತ್ತದೆ. ಉತ್ತರಿಸದ ತಪ್ಪು ಆಗ ಯಾರೊಬ್ಬರದೂ ಆಗುವುದಿಲ್ಲ.

ಹದಿಹರೆಯದವರು ತಾವೇ ಏನು ಮಾಡಬಹುದು?

ಸಂಕಲ್ಪಕ್ಕಿಂತ ಸೆಟ್ಟಿಂಗ್ ಮೇಲು. ಮನುಷ್ಯರು ನೇರವಾಗಿ ಕಳಿಸಿದ ಸಂದೇಶಗಳನ್ನು ಬಿಟ್ಟು ಉಳಿದೆಲ್ಲ ನೋಟಿಫಿಕೇಶನ್‌ಗಳನ್ನು ನಿಲ್ಲಿಸಿ. ‘ನೋಡಿದ್ದಾರೆ’ ಗುರುತನ್ನೂ ಕೊನೆಯ ಬಾರಿ ಆನ್‌ಲೈನ್ ಇದ್ದ ಹೊತ್ತನ್ನೂ ಅನುಮತಿ ಇರುವ ಆ್ಯಪ್‌ಗಳಲ್ಲಿ ಮರೆಮಾಡಿ. ಆಟೊಪ್ಲೇ ನಿಲ್ಲಿಸಿ. ಹೆಚ್ಚು ಹೊತ್ತು ತಿನ್ನುವ ಆ್ಯಪನ್ನು ಅಳಿಸಿ ಬ್ರೌಸರಿನಲ್ಲಿ ಮಾತ್ರ ತೆರೆದರೆ ಪ್ರತಿ ಬಾರಿ ಒಂದಿಷ್ಟು ಅಡ್ಡಿ ಎದುರಾಗುತ್ತದೆ, ಆ ಅಡ್ಡಿಯೇ ಬೇಕಾದದ್ದು. ಸ್ಟ್ರೀಕ್ ಬಿಡುವುದಾದರೆ ಗೆಳೆಯರಿಗೆ ಮೊದಲೇ ಹೇಳಿ, ಇಬ್ಬರೂ ಒಂದೇ ದಿನ ಬಿಡಿ.

ಮಗು ತಿಳಿಯದೆ ಖರೀದಿ ಮಾಡಿ ಹಣ ಹೋಗಿದ್ದರೆ?

ಮೊದಲು ಖರೀದಿಯ ಪರದೆಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ, ಗುಂಡಿಯ ಜಾಗವೂ ಅದರ ಮೇಲಿನ ಮಾತೂ ಕಾಣುವಂತೆ. ಆ್ಯಪ್ ಕೊಂಡ ಅಂಗಡಿಯ ಮರುಪಾವತಿ ಪುಟದಲ್ಲಿ ತಡಮಾಡದೆ ಮನವಿ ಸಲ್ಲಿಸಿ, ಹೆಚ್ಚಿನವಕ್ಕೆ ಗಡುವಿರುತ್ತದೆ. ಮನವಿಯಲ್ಲಿ ಖರೀದಿ ಮಾಡಿದವರು ಅಪ್ರಾಪ್ತರು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಅಲ್ಲಿ ನಿರಾಕರಿಸಿದರೆ ಬ್ಯಾಂಕಿನಲ್ಲಿ ತಕರಾರು ದಾಖಲಿಸುವ ದಾರಿಯೂ ಗ್ರಾಹಕ ರಕ್ಷಣಾ ಸಂಸ್ಥೆಗೆ ದೂರು ಕೊಡುವ ದಾರಿಯೂ ಇವೆ. ಬ್ಯಾಂಕಿನ ತಕರಾರಿನಿಂದ ಆಟದ ಖಾತೆಗೆ ಬೀಗ ಬೀಳಬಹುದಾದ್ದರಿಂದ ಆ ಹೆಜ್ಜೆ ಇಡುವ ಮುನ್ನ ಮಗುವಿಗೆ ತಿಳಿಸಿ. ಉಳಿಸಿದ ಕಾರ್ಡಿನ ವಿವರವನ್ನು ಅಳಿಸಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಬದಲಿಸುವುದು ಅದೇ ದಿನ ಆಗಲಿ.